ರಾಜರ ಮೇಷ್ಟ್ರ ಏಳನೆಯ ಅಧ್ಯಾಯ

ಮಾರ್ಚ್ ಹನ್ನೆರಡು, ಬುಧವಾರ
ಬೆಳಗಿನ ಹತ್ತು ಗಂಟೆ

ರಾಜರ ಮೇಷ್ಟ್ರಿಗೆ,

ನಮಸ್ಕಾರ. ಮೂವತ್ತು ವರ್ಷ ನಿಮ್ಮನ್ನು ‘ರೀ’ ಎಂದು ಕರೆದವಳು ಇವತ್ತು ವಿದ್ಯಾರ್ಥಿಗಳು ಇಟ್ಟ ಅಡ್ಡಹೆಸರಿನಿಂದ ಕರೆಯುತ್ತಿದ್ದಾಳಲ್ಲ ಎಂದು ಹುಬ್ಬೇರಿಸಬೇಡಿ. ‘ರೀ’ ಎಂದು ಕಾಗದದಲ್ಲಿ ಬರೆದರೆ ಪಕ್ಕದ ಕೋಣೆಯಿಂದ ನೀವು ‘ಏನು’ ಎಂದು ಓಗೊಡುತ್ತೀರೇನೋ ಅನ್ನಿಸುತ್ತದೆ. ಇಲ್ಲಿ ಪಕ್ಕದ ಕೋಣೆಯಲ್ಲಿರುವುದು ಹೊಲಿಗೆಗೆ ಕಾಯುತ್ತಿರುವ ಪುಸ್ತಕಗಳ ರಾಶಿ ಮಾತ್ರ. ಕೆಳಗೆ ನಾನು ಕೆಲಸ ಮಾಡುವ ಬೈಂಡಿಂಗ್ ಅಂಗಡಿಯಲ್ಲಿ ಜಾಗ ಸಾಲದೆ ಬಂದದ್ದನ್ನೆಲ್ಲ ಯಜಮಾನ್ತಿ ಮೇಲೆ, ನನ್ನ ಪಕ್ಕದ ಕೋಣೆಗೆ ಹತ್ತಿಸುತ್ತಾಳೆ.

ನೀವು ಕಳಿಸಿದ ಕಟ್ಟು ಹೋದ ಬುಧವಾರ ತಲುಪಿತು. ದುರಂತ ನಾಟಕಗಳ ಬಗ್ಗೆ ನೀವು ಬರೆದ ಪುಸ್ತಕದ ಇನ್ನೂರ ಹನ್ನೆರಡು ಪುಟ, ಮೇಲೊಂದು ಚೀಟಿ. ಅಚ್ಚಿಗೆ ಹೋಗುವ ಮೊದಲು ನೀನೊಮ್ಮೆ ನೋಡು, ನಿನ್ನ ಕಣ್ಣು ತಪ್ಪಿಸಿದ ತಪ್ಪು ಇನ್ಯಾರ ಕಣ್ಣಿಗೂ ಬೀಳುವುದಿಲ್ಲ, ಅರ್ಪಣೆ ನಿನಗೇ ಎಂದು ಬರೆದಿದ್ದಿರಿ. ಅರ್ಪಣೆಯ ಪುಟವನ್ನು ನಾನು ನಾಲ್ಕು ಸಲ ಓದಿದೆ. ಅದರಲ್ಲಿ ಇದ್ದದ್ದು ಮೂರೇ ಮಾತು.

ಮೊದಲ ಆರು ಅಧ್ಯಾಯ ಓದುವಾಗ ನಿಜಕ್ಕೂ ಸಂತೋಷವಾಯಿತು. ಸಂಜೆ ಕಾಲೇಜಿನ ಆ ಕೊನೆಯ ಕೊಠಡಿ, ಹಗಲೆಲ್ಲ ದುಡಿದು ಬಂದು ಆಕಳಿಸುತ್ತ ಕೂತವರು, ಕಪ್ಪುಹಲಗೆಯ ಮುಂದೆ ನೀವು, ಎಲ್ಲ ಕಣ್ಣ ಮುಂದೆ ಬಂತು. ಕೆಟ್ಟವನು ಬಿದ್ದರೆ ನೋಡುವವರು ಹಾಗೇ ಆಗಬೇಕಿತ್ತು ಎಂದು ಎದ್ದು ಹೋಗುತ್ತಾರೆ; ಏನೂ ತಪ್ಪು ಮಾಡದವನು ಬಿದ್ದರೆ ಬೈದುಕೊಂಡು ಹೋಗುತ್ತಾರೆ; ದೊಡ್ಡ ಮನುಷ್ಯನೊಬ್ಬ ತನ್ನದೇ ಒಂದು ಗುಣದಿಂದ ಬಿದ್ದಾಗ ಮಾತ್ರ ಕೂತಲ್ಲಿಂದ ಏಳಲಾರರು. ನೀವು ಪ್ರತಿ ವರ್ಷ ಹೇಳುತ್ತಿದ್ದ ಮಾತು. ನಾಯಕನ ದೋಷ ಹೊರಗಿನಿಂದ ಅಂಟಿದ ಕೊಳೆಯಲ್ಲ, ಅವನನ್ನು ದೊಡ್ಡವನನ್ನಾಗಿ ಮಾಡಿದ ಗುಣವೇ ಅಳತೆ ತಪ್ಪಿದ್ದು. ಹಟ ಮಾಡಿ ಗೆದ್ದ ರಾಜ ಹಟದಿಂದಲೇ ಸೋಲುತ್ತಾನೆ. ಇಪ್ಪತ್ತಾರು ವರ್ಷ ಒಂದೇ ಪಾಠ ಮಾಡಿದರೂ, ರಾಜ ಬೀಳುವ ಜಾಗ ಬಂದಾಗ ನೀವು ಹೊಸದಾಗಿ ಕಂಡವರ ಹಾಗೆ ಆ ಸಾಲನ್ನು ಎರಡೆರಡು ಸಲ ಹೇಳುತ್ತಿದ್ದಿರಿ. ನಾನು ಇತಿಹಾಸದ ತರಗತಿ ಮುಗಿಸಿ ಹೊರಗೆ ಕಾಯುತ್ತ ನಿಂತು ಎಷ್ಟೋ ಸಲ ಕೇಳಿದ್ದೇನೆ.

ಆಮೇಲೆ ಏಳನೆಯ ಅಧ್ಯಾಯಕ್ಕೆ ಬಂದೆ.

ಹಳೆಯ ನಾಟಕಗಳ ರಾಜರು ನಮ್ಮ ನಡುವೆಯೂ ಇದ್ದಾರೆ ಎಂದು ಶುರುಮಾಡಿದ್ದೀರಿ. ‘ನಾನು ಹತ್ತಿರದಿಂದ ಬಲ್ಲ ಒಬ್ಬ ಅಧ್ಯಾಪಕಿ.’ ಪರೀಕ್ಷೆಯ ಮೇಲ್ವಿಚಾರಕಿ. ಗಡಿಯಾರದಂಥ ಹೆಂಗಸು. ಕರುಣೆ ಅವಳ ದೊಡ್ಡ ಗುಣ, ಅದೇ ಅವಳ ದೋಷ. ತಡವಾಗಿ ಬಂದ ಪರೀಕ್ಷಾರ್ಥಿಯೊಬ್ಬರ ಮೇಲೆ ಕನಿಕರಪಟ್ಟು ನಿಯಮ ಮುರಿದಳು, ದಾಖಲೆಯಲ್ಲಿ ಸುಳ್ಳು ವೇಳೆ ಬರೆದಳು, ಹತ್ತು ದಿನ ಗಂಡನಿಂದಲೂ ಮುಚ್ಚಿಟ್ಟಳು. ಸಮಿತಿ ಕರೆದು ಕೇಳಿದಾಗ ಸುಳ್ಳು ನುಡಿಯಲಾರದ ಗಂಡ ಗೊತ್ತಿದ್ದನ್ನು ಹೇಳಬೇಕಾಯಿತು. ಅವಳು ಕೆಲಸ ಕಳೆದುಕೊಂಡಳು. ಕೊನೆಗೆ ತನ್ನ ಕರುಣೆಯೇ ತನ್ನನ್ನು ಕೆಡವಿತು ಎಂದು ಅವಳಿಗೆ ಅರಿವಾಯಿತು. ಹದಿನೆಂಟು ಪುಟ. ಚೆನ್ನಾಗಿ ಬರೆದಿದ್ದೀರಿ. ನನ್ನ ಕಥೆಯಾಗಿರದಿದ್ದರೆ ಅತ್ತುಬಿಡುತ್ತಿದ್ದೆ.

ನನ್ನ ತಪ್ಪನ್ನು ನಾನು ಯಾವತ್ತೂ ಅಲ್ಲಗಳೆದವಳಲ್ಲ. ಆ ಶುಕ್ರವಾರ ನಿಮ್ಮದೇ ಪತ್ರಿಕೆಯ ಪರೀಕ್ಷೆ. ಸಂಜೆ ಐದಕ್ಕೆ ಶುರು. ಅರ್ಧ ಗಂಟೆ ಕಳೆದ ಮೇಲೆ ಬಂದವರನ್ನು ಒಳಗೆ ಬಿಡುವಂತಿಲ್ಲ. ಆರಕ್ಕೆ ಹತ್ತು ನಿಮಿಷ ಇದೆ ಅನ್ನುವಾಗ ನಿಮ್ಮ ತರಗತಿಯ ಕಂಡಕ್ಟರಮ್ಮ ಓಡುತ್ತ ಬಂದಳು. ಖಾಕಿ ಅಂಗಿಯ ಬೆನ್ನು ಒದ್ದೆ, ಟಿಕೆಟ್ ಚೀಲ ಇನ್ನೂ ಹೆಗಲಲ್ಲಿ. ಸೇತುವೆಯ ನಡುವೆ ಬಸ್ಸು ಕೆಟ್ಟಿತ್ತು. ಕೂತಿದ್ದವರನ್ನೆಲ್ಲ ಇಳಿಸಿ ಇನ್ನೊಂದು ಬಸ್ಸಿಗೆ ಹತ್ತಿಸುವವರೆಗೆ ಅವಳು ಬಿಟ್ಟು ಬರುವಂತಿರಲಿಲ್ಲ. ಬಿಟ್ಟು ಬಂದಿದ್ದರೆ ಸಮಯಕ್ಕೆ ಸರಿಯಾಗಿ ತಲುಪುತ್ತಿದ್ದಳು. ನಾನು ನಿಯಮ ಹೇಳಿದೆ. ಅವಳು ಅಳಲಿಲ್ಲ, ಕೈ ಮುಗಿಯಲೂ ಇಲ್ಲ. ಉಸಿರು ಸುಧಾರಿಸಿಕೊಂಡು ಹೇಳಿದಳು:

“ಮೇಡಂ, ಇವತ್ತು ವಾಪಸ್ ಹೋದ್ರೆ ನಾನು ಮತ್ತೆ ಬರಲ್ಲ. ಬರ್ತೀನಿ ಅಂತ ಎಲ್ಲರಿಗೂ ಹೇಳ್ತೀನಿ, ಆದ್ರೆ ಬರಲ್ಲ. ನನ್ನ ಬುದ್ಧಿ ನನಗೆ ಗೊತ್ತಲ್ವಾ.”

ಮೂವತ್ತೊಂಬತ್ತು ವರ್ಷದ ಹೆಂಗಸು. ಇಬ್ಬರು ಮಕ್ಕಳ ತಾಯಿ. ಪದವಿ ಸಿಕ್ಕಿದ್ದರೆ ನಿಲ್ದಾಣದ ನಿಯಂತ್ರಕಿಯಾಗಿ ಕುರ್ಚಿಯಲ್ಲಿ ಕೂರಬಹುದಿತ್ತು, ಹದಿನಾರು ವರ್ಷ ನಿಂತ ಮಂಡಿಗೆ ಅಷ್ಟಾದರೂ ಬಿಡುವು ಸಿಗುತ್ತಿತ್ತು. ನಾನು ಅವಳನ್ನು ಒಳಗೆ ಬಿಟ್ಟೆ. ಬಂದ ವೇಳೆ ಐದು ಇಪ್ಪತ್ತೈದು ಎಂದು ಬರೆದೆ. ಎಂಟು ಗಂಟೆಗೆ ಉಳಿದವರೆಲ್ಲ ಹೋದ ಮೇಲೆ ಅವಳಿಗೆ ಕಳೆದುಹೋದ ಐವತ್ತು ನಿಮಿಷ ಕೊಟ್ಟು ಬಾಗಿಲ ಬಳಿ ಕೂತಿದ್ದೆ. ಅದು ಕನಿಕರವಾಗಿರಲಿಲ್ಲ. ಕನಿಕರ ಬಂದಿದ್ದರೆ ನಾಲ್ಕು ಸಮಾಧಾನದ ಮಾತು ಹೇಳಿ ಕಳಿಸುತ್ತಿದ್ದೆ, ಅದು ಸುಲಭ. ತನ್ನ ಬಗ್ಗೆ ಅಷ್ಟು ನೇರವಾಗಿ ಮಾತಾಡಿದವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಸತ್ಯವಂತರೊಬ್ಬರ ಜೊತೆ ಸಂಸಾರ ಮಾಡಿಯೂ ನೋಡಿರಲಿಲ್ಲ.

ಅದೇ ದಿನ ಮನೆಗೆ ಬಂದು ನಿಮಗೆ ಹೇಳಿದೆ. ಹತ್ತು ದಿನ ಬಿಟ್ಟಲ್ಲ. ಅದೇ ಶುಕ್ರವಾರ. ನೀವು ಮೆಟ್ಟಿಲ ಮೇಲೆ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದಿರಿ. ಬ್ರಷ್ ನಿಲ್ಲಿಸಿ, ಚೆನ್ನಾಗಿ ಬರೆದಳಾ ಎಂದು ಕೇಳಿದಿರಿ. ಅದು ನಿಮ್ಮ ಮೊದಲ ಪ್ರಶ್ನೆ. ಆ ಪ್ರಶ್ನೆಗಾಗಿ ಆ ಗಳಿಗೆಯಲ್ಲಿ ನಿಮ್ಮ ಮೇಲೆ ನನಗೆ ಎಷ್ಟು ಅಕ್ಕರೆ ಉಕ್ಕಿತ್ತು ಎಂದು ಈಗ ಹೇಳಿ ಪ್ರಯೋಜನವಿಲ್ಲ. ಎರಡು ಹೆಚ್ಚುವರಿ ಹಾಳೆ ತೆಗೆದುಕೊಂಡಳು ಎಂದೆ. ನೀವು ನಕ್ಕಿರಿ. ಆಮೇಲೆ ಹೇಳಿದಿರಿ: “ಆಯ್ತು ಬಿಡು, ಆಗಿದ್ದು ಆಯ್ತು. ಇದನ್ನ ಇನ್ಯಾರ ಹತ್ರಾನೂ ಹೇಳ್ಬೇಡ.”

ಈ ಮಾತು ನಿಮ್ಮ ಹದಿನೆಂಟು ಪುಟದಲ್ಲಿ ಎಲ್ಲಿಯೂ ಇಲ್ಲ.

ನಂತರದ ವಾರ ನೀವು ಬೆಚ್ಚಗೆ ಇದ್ದಿರಿ. ಊಟ, ನಿದ್ದೆ, ಪಾಠ ಎಲ್ಲ ಮಾಮೂಲು. ಅದರ ಮುಂದಿನ ಸೋಮವಾರ ಅಧ್ಯಾಪಕರ ಕೋಣೆಯಲ್ಲಿ ವಾಣಿಜ್ಯದ ಮೇಷ್ಟ್ರು ಎಲ್ಲರೆದುರು ನಗೆಯಾಡಿದರಂತೆ, ನಿಮ್ಮ ಮನೆಯವರ ಗಡಿಯಾರ ಈಚೆಗೆ ನಿಧಾನವಂತೆ ಎಂದು. ಆ ಶುಕ್ರವಾರ ಪಕ್ಕದ ಕೊಠಡಿಯಲ್ಲಿ ಕಾವಲಿದ್ದವರು ಅವರು. ಎಂಟಕ್ಕೆ ಹೊರಟಾಗ ನನ್ನ ಕೊಠಡಿಯಲ್ಲಿ ಇನ್ನೂ ದೀಪ ಉರಿಯುವುದನ್ನು ನೋಡಿದ್ದರು. ಅವರದು ಬರೀ ಬಾಯಿಚಪಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ನೀವು ಮನೆಗೆ ಬಂದು ಬೂಟು ಬಿಚ್ಚದೆ ಕುರ್ಚಿಯಲ್ಲಿ ಕೂತಿರಿ. ಇನ್ಯಾರಿಗಾದರೂ ಹೇಳಿದ್ದೀಯಾ ಎಂದು ಎರಡು ಸಲ ಕೇಳಿದಿರಿ. ಇಲ್ಲ ಎಂದೆ. ಮಂಗಳವಾರ ನೀವು ಎಂದಿಗಿಂತ ಮೊದಲೇ, ಬೆಳಿಗ್ಗೆಯೇ ಕಾಲೇಜಿಗೆ ಹೊರಟಿರಿ. ಗುರುವಾರ ನನ್ನ ಕೈಗೆ ವಿಚಾರಣೆಯ ನೋಟಿಸು ಬಂತು.

ಯಾರೋ ಅನಾಮಧೇಯರು ದೂರು ಕೊಟ್ಟಿದ್ದಾರೆ ಎಂದುಕೊಂಡೆ. ವಾಣಿಜ್ಯದ ಮೇಷ್ಟ್ರೇ ಇರಬೇಕೆಂದು ಮನಸ್ಸಿನಲ್ಲೇ ಅವರಿಗೆ ಶಾಪ ಹಾಕಿದೆ. ಮೂರು ವರ್ಷ ಹಾಕಿದ್ದೇನೆ, ಪಾಪ, ಈಗ ಯಾರ ಹತ್ತಿರ ಹೋಗಿ ವಾಪಸ್ ತೆಗೆದುಕೊಳ್ಳಲಿ?

ವಿಚಾರಣೆಯ ದಿನ ನಿಮ್ಮನ್ನು ಮೊದಲು ಕರೆದರು, ನನ್ನನ್ನು ಆಮೇಲೆ. ನೀವು ಹೊರಬರುವಾಗ ನನ್ನ ಮುಖ ನೋಡಲಿಲ್ಲ. ಸತ್ಯ ಹೇಳಿಬಿಟ್ಟಿದ್ದಾರೆ ಎಂದು ಗೊತ್ತಾಯಿತು, ಬೇರೆ ಏನು ಹೇಳಿಯಾರು ಅನ್ನಿಸಿತು. ಒಳಗೆ ನಾನೂ ಎಲ್ಲ ಒಪ್ಪಿಕೊಂಡೆ. ಕೊನೆಯಲ್ಲಿ ಅಧ್ಯಕ್ಷರು ನಿಮ್ಮ ಯಜಮಾನರಿಗೆ ಇದು ಯಾವಾಗ ತಿಳಿಯಿತು ಎಂದು ಕೇಳಿದರು. ಶುಕ್ರವಾರವೇ ಗೊತ್ತಿದ್ದು ಸುಮ್ಮನಿದ್ದರು ಎಂದಾದರೆ ನಿಮ್ಮ ಕೆಲಸಕ್ಕೂ ಸಂಚಕಾರ. ನೀವು ಒಳಗೆ ಶುಕ್ರವಾರ ಎಂದೇ ಹೇಳಿರುತ್ತೀರಿ, ನಾನು ಬೇರೆ ಹೇಳಿದರೆ ನನ್ನ ಮಾತು ಸುಳ್ಳಾಗಲಿ, ಹೇಗಿದ್ದರೂ ಮುಳುಗಿದವಳು ನಾನು, ನಿಮಗೆ ಒಂದಿಷ್ಟು ಅನುಮಾನದ ಲಾಭವಾದರೂ ಸಿಗಲಿ ಎಂದು ಲೆಕ್ಕ ಹಾಕಿದೆ. ಬಾಯಿಗೆ ಬಂದದ್ದು ನೀವು ಬೂಟು ಬಿಚ್ಚದೆ ಕೂತ ದಿನ. ಆ ಸೋಮವಾರ ಹೇಳಿದೆ, ಅದುವರೆಗೆ ಅವರಿಂದಲೂ ಮುಚ್ಚಿಟ್ಟಿದ್ದೆ ಎಂದೆ. ಸಮಿತಿಯ ಮೂವರೂ ಮುಖ ಮುಖ ನೋಡಿಕೊಂಡರು. ಅಧ್ಯಕ್ಷರು ತಲೆಯಾಡಿಸಿ “ಸರಿ, ಹೊಂದುತ್ತೆ” ಅಂದರು.

ಯಾವುದಕ್ಕೆ ಹೊಂದುತ್ತದೆ ಎಂದು ನಾನು ಕೇಳಲಿಲ್ಲ. ಇತಿಹಾಸ ಪಾಠ ಮಾಡಿದವಳು, ಎರಡು ದಾಖಲೆ ಹೊಂದಿದರೆ ಎರಡನ್ನೂ ಮತ್ತೊಮ್ಮೆ ನೋಡಿ ಎಂದು ಮಕ್ಕಳಿಗೆ ಹೇಳಿಕೊಟ್ಟವಳು, ಆ ಎರಡು ಶಬ್ದವನ್ನು ಮೂರು ವರ್ಷ ಮಡಿಸಿ ಇಟ್ಟುಕೊಂಡೆ. ಬಿಚ್ಚಿ ನೋಡಲು ಧೈರ್ಯ ಬರಲಿಲ್ಲ ಅನ್ನುವುದೇ ಸರಿ.

ಆಮೇಲಿನದು ನಿಮಗೂ ಗೊತ್ತು. ನನ್ನನ್ನು ತೆಗೆದರು. ಕಂಡಕ್ಟರಮ್ಮನ ಉತ್ತರ ಪತ್ರಿಕೆ ರದ್ದಾಯಿತು, ಮೂರು ವರ್ಷ ಪರೀಕ್ಷೆಗೆ ಕೂರುವಂತಿಲ್ಲ ಎಂದರು. ನಿಮ್ಮ ಹೆಸರು ಮಾತ್ರ ಬೆಳೆಯಿತು. ಕಟ್ಟಿಕೊಂಡ ಹೆಂಡತಿಯನ್ನೂ ಬಿಡಲಿಲ್ಲ, ಸತ್ಯ ಅಂದರೆ ಸತ್ಯ, ಎಂದು ಜನ ಆಡಿಕೊಂಡರು. ಆರು ತಿಂಗಳಿಗೆ ನೀವು ಪ್ರಿನ್ಸಿಪಾಲರಾದಿರಿ. ಅಭಿನಂದನೆಯ ದಿನ ನಾನು ಮೂರನೆಯ ಸಾಲಿನಲ್ಲಿ ಕೂತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ಅಕ್ಕ ಫೋನಿನಲ್ಲಿ ಬೈದಳು, ಸತ್ಯ ಹೇಳೋಕೆ ಆ ಮಹಾರಾಯನಿಗೆ ಬೇರೆ ಯಾರೂ ಸಿಗಲಿಲ್ಲವಾ ಎಂದಳು. ನಾನು ಅವಳ ಮೇಲೆಯೇ ಹರಿಹಾಯ್ದೆ. ಕೇಳಿದರು, ಹೇಳಿದರು, ನಿನ್ನ ಗಂಡನ ಹಾಗೆ ನಾಲಗೆ ಹೊರಳಿಸಲು ಅವರಿಗೆ ಬರುವುದಿಲ್ಲ ಎಂದೆ. ಅಕ್ಕ ಒಂದು ವರ್ಷ ಮಾತು ಬಿಟ್ಟಳು.

ಹಾಗಿದ್ದರೂ ಅಭಿನಂದನೆಯ ಮುಂದಿನ ತಿಂಗಳು ನಾನು ಮನೆ ಬಿಟ್ಟೆ. ಯಾಕೆ ಎಂದು ನೀವು ಎಷ್ಟೋ ಪತ್ರದಲ್ಲಿ ಕೇಳಿದ್ದೀರಿ, ನಾನು ಹಾರಿಕೆಯ ಉತ್ತರ ಕೊಟ್ಟಿದ್ದೇನೆ. ಕಾರಣ ಸಣ್ಣದು. ಒಂದು ಭಾನುವಾರ, ನಿಮಗೆ ಬೇಜಾರಾಗಲಿಲ್ಲವಾ ಎಂದು ಕೇಳಿದ್ದೆ. ನೀವು ಕನ್ನಡಕ ತೆಗೆದು ಒರೆಸಿಕೊಂಡು, ಸತ್ಯಕ್ಕೂ ಸಂಬಂಧಕ್ಕೂ ನಡುವೆ ಸಿಕ್ಕ ಮನುಷ್ಯನ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದಿರಿ. ಚೆನ್ನಾಗಿಯೇ ಮಾತಾಡಿದಿರಿ. ಒಂದು ‘ಹೌದು’ ಸಾಕಿತ್ತು. ಕೋಪ ಬಂದಿದ್ದರೆ ಜಗಳವಾಡಿ ಉಳಿಯುತ್ತಿದ್ದೆ. ಕೋಪ ಬರಲಿಲ್ಲ, ಸುಸ್ತಾಯಿತು. ನಾಲ್ಕು ದಿನ ಬೇರೆ ಇರೋಣ ಎಂದು ಬಂದದ್ದು ಎರಡೂವರೆ ವರ್ಷವಾಯಿತು.

ಇಲ್ಲಿನ ಕೆಲಸ ನನಗೆ ಹಿಡಿಸಿದೆ. ಬಂದ ಹಾಳೆಗಳ ಪುಟಸಂಖ್ಯೆ ಸರಿಯಿದೆಯೇ ನೋಡುವುದು, ತಿರುವುಮುರುವಾದ ಮಡಿಕೆ ಸರಿಮಾಡುವುದು, ಹೊಲಿಯುವುದು, ಬೆನ್ನಿಗೆ ಅಂಟು ಬಳಿದು ಒತ್ತುಯಂತ್ರಕ್ಕೆ ಸಿಕ್ಕಿಸುವುದು. ಬೆರಳ ತುದಿಯೆಲ್ಲ ಸೂಜಿ ಗುರುತು. ಯಜಮಾನ್ತಿ ಹೆಚ್ಚು ಮಾತಿನವಳಲ್ಲ. ನಾನು ಯಾರು, ಯಾಕೆ ಬಂದೆ ಎಂದು ಈವರೆಗೆ ಕೇಳಿಲ್ಲ. ಪುಟ ತಪ್ಪಿದ ಪುಸ್ತಕ ಕಂಡರೆ ಮಾತ್ರ, ಬಿಚ್ಚು, ಮೊದಲಿಂದ ಹೊಲಿ ಅನ್ನುತ್ತಾಳೆ.

ನಿಮ್ಮ ಏಳನೆಯ ಅಧ್ಯಾಯ ಓದಿದ ದಿನ ನನಗೆ ಸಿಟ್ಟು ಬರಲಿಲ್ಲ. ನನ್ನನ್ನು ನಾಯಕಿ ಮಾಡಿದ್ದೀರಿ, ನೀವು ಪಕ್ಕದಲ್ಲಿ ನಿಂತು ಕಣ್ಣೀರು ಒರೆಸಿಕೊಳ್ಳುವವರಾಗಿದ್ದೀರಿ, ಬರೆಯುವವರ ಬುದ್ಧಿಯೇ ಹಾಗೆ ಎಂದು ಸುಮ್ಮನಾದೆ. ಚುಚ್ಚಿದ್ದು ಒಂದೇ ಸಾಲು. ಹತ್ತು ದಿನ ಗಂಡನಿಂದಲೂ ಮುಚ್ಚಿಟ್ಟಳು ಅನ್ನುವುದು. ಸಮಿತಿಯೆದುರು ನಾನು ಹೇಳಿದ ಸುಳ್ಳು ಅದು. ಅದನ್ನು ನಾನು ನಿಮಗೆ ಯಾವತ್ತೂ ಹೇಳಿರಲಿಲ್ಲ. ಮತ್ತೆ ನಿಮ್ಮ ಪುಸ್ತಕಕ್ಕೆ ಅದು ಹೇಗೆ ಬಂತು? ನೆನಪಿನ ತಪ್ಪಿರಬೇಕು ಎಂದು ಎರಡು ದಿನ ನನಗೆ ನಾನೇ ಹೇಳಿಕೊಂಡೆ. ಮೂರನೆಯ ದಿನ, ಶನಿವಾರ, ನಿಮ್ಮ ಕಾಲೇಜಿನ ಹಳೆಯ ಗುಮಾಸ್ತರನ್ನು ಹುಡುಕಿಕೊಂಡು ಹೋದೆ. ನಿವೃತ್ತಿಯಾದ ಮೇಲೆ ಅಳಿಯನ ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತಾರೆ. ಸಮಿತಿಯ ತಾರೀಕುಗಳು ನೆನಪಿವೆಯೇ ಎಂದಷ್ಟೇ ಕೇಳಿದ್ದು.

ಅವರು ಯಂತ್ರ ನಿಲ್ಲಿಸಿ ನನ್ನನ್ನು ನೋಡಿದರು. ದೂರು ಯಾವ ದಿನ ಬಂತು ಎಂದು ನಾನು ಕೇಳಿದೆ.

“ದೂರು ಎಲ್ಲಿತ್ತು ಮೇಡಂ? ಸಾರ್ ಕೊಟ್ಟ ಪತ್ರಾನೇ. ಮಂಗಳವಾರ ಬೆಳಿಗ್ಗೆ ತಂದ್ರು, ನಾನೇ ಸೀಲ್ ಹಾಕ್ದೆ. ತಾರೀಕಿನ ಜೊತೆ ಗಂಟೆನೂ ಬರೀರಿ ಅಂದ್ರು, ಅದಕ್ಕೇ ನೆನಪಿದೆ.” ಆಮೇಲೆ ಕೇಳಿದರು, “ನಿಮಗೆ ಗೊತ್ತಿರ್ಲಿಲ್ವಾ?”

ಗೊತ್ತಿತ್ತು ಎಂದು ಹೇಳಿದೆ. ನಿಮ್ಮ ಮಾನ ಕಾಯುವ ಚಾಳಿ ಆ ಹೊತ್ತಿನಲ್ಲೂ ಬಿಡಲಿಲ್ಲ. ಪತ್ರದಲ್ಲಿ ಏನಿತ್ತು ಎಂದು ಅವರಾಗಿಯೇ ಹೇಳಿದರು. ‘ನಿನ್ನೆ ತಾನೇ ನನ್ನ ಗಮನಕ್ಕೆ ಬಂದ ಒಂದು ಸಂಗತಿಯನ್ನು, ಅದು ನನ್ನ ಪತ್ನಿಗೆ ಸಂಬಂಧಿಸಿದ್ದಾದರೂ, ಮುಚ್ಚಿಡುವುದು ನನ್ನ ಆತ್ಮಸಾಕ್ಷಿಗೆ ಒಪ್ಪುವುದಿಲ್ಲ’ ಎಂದಿತ್ತಂತೆ. ಅಂಥ ವಾಕ್ಯ ತಾನು ಎಲ್ಲಿಯೂ ಓದಿರಲಿಲ್ಲ, ಅದಕ್ಕೇ ಬಾಯಿಪಾಠವಾಗಿದೆ ಎಂದರು ಗುಮಾಸ್ತರು, ಮೆಚ್ಚಿಕೊಂಡೇ ಹೇಳಿದರು. ಕಾಫಿ ತರಿಸಿದರು. ನಾನು ಕುಡಿದೆ.

ನಿನ್ನೆ ತಾನೇ. ಶುಕ್ರವಾರದಿಂದ ಗೊತ್ತಿತ್ತು, ಯಾರಿಗೂ ಹೇಳಬೇಡ ಎಂದವರು ನೀವೇ, ಒಂದು ನಗೆಮಾತಿಗೆ ಹೆದರಿ, ಗುಟ್ಟು ಹೊರಬಿದ್ದರೆ ಸುಳ್ಳು ಹೇಳದ ಮೇಷ್ಟ್ರಿಗೂ ಗೊತ್ತಿತ್ತು ಎಂದಾದೀತಲ್ಲ ಎಂದು ಹೆದರಿ, ನೀವೇ ಮೊದಲು ಓಡಿದಿರಿ. ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಹೇಳಿದ್ದು ಸತ್ಯ ಅನ್ನಬಹುದಿತ್ತು. ಕೇಳುವ ಮೊದಲೇ ಹೋಗಿ, ಗಂಟೆ ಬರೆಸಿ, ಸೀಲು ಹಾಕಿಸಿಕೊಂಡದ್ದಕ್ಕೆ ಏನನ್ನುತ್ತಾರೆ? ಅದರಲ್ಲೂ ಸುಳ್ಳು ಸೇರಿಸಿ. ಆ ಸುಳ್ಳಿಗೆ ಎಂಟು ದಿನದ ಮೇಲೆ ನಾನು ಗೊತ್ತಿಲ್ಲದೆ ಸಾಕ್ಷಿ ನುಡಿದೆ. ಗಂಡ ಹೆಂಡತಿ ಒಂದು ಮಾತೂ ಆಡಿಕೊಳ್ಳದೆ, ಬೇರೆ ಬೇರೆ ಕೋಣೆಯಲ್ಲಿ ಕೂತು ಅದೇ ಸುಳ್ಳು ಹೇಳಿದೆವು. ನಾನು ನಿಮಗಾಗಿ ಹೇಳಿದೆ. ನೀವೂ ನಿಮಗಾಗಿಯೇ ಹೇಳಿದಿರಿ.

ಶನಿವಾರದಿಂದ ಒಂದೇ ಯೋಚನೆ. ಸುಳ್ಳು ಬಾರದ ಮನುಷ್ಯನಿಗೆ ಅಷ್ಟು ನಯವಾದ ಸುಳ್ಳು ಹೇಗೆ ಬಂತು? ಆಮೇಲೆ ಹೊಳೆಯಿತು. ನಮ್ಮ ಮನೆಯಲ್ಲಿ ಸುಳ್ಳಿಗೆ ಯಾವತ್ತೂ ಕೊರತೆಯಿರಲಿಲ್ಲ, ಹೇಳುವವಳು ಬೇರೆ ಇದ್ದಳು ಅಷ್ಟೆ. ಬೇಡದ ಅತಿಥಿ ಬಂದರೆ ನಮ್ಮ ಮನೆಯವರಿಗೆ ಜ್ವರ, ಮಲಗಿದ್ದಾರೆ ಎಂದವಳು ನಾನು. ನಿಮ್ಮ ಚಿಕ್ಕಮ್ಮ ಹೆಣೆದು ಕಳಿಸಿದ ಸ್ವೆಟರು ಪೆಟ್ಟಿಗೆಯ ತಳದಲ್ಲಿತ್ತು, ದಿನಾ ಹಾಕಿಕೊಳ್ಳುತ್ತಾರೆ ಎಂದು ಬರೆದವಳು ನಾನು. ಅತ್ತೆಯ ಕೊನೆಯ ದಿನಗಳು ನೆನಪಿವೆಯೇ? ನಾನು ಏಳ್ತೀನಾ ಮಗಾ ಎಂದು ಅವರು ನಿಮ್ಮ ಕೈ ಹಿಡಿದು ಕೇಳಿದಾಗ ನೀವು ಕೈ ಬಿಡಿಸಿಕೊಂಡು ಕೋಣೆಯಿಂದ ಹೊರಗೆ ಹೋದಿರಿ. ಬಿಟ್ಟುಹೋದ ಆ ಕೈಯನ್ನು ನಾನು ಹಿಡಿದುಕೊಂಡೆ. ಮುಂದಿನ ತಿಂಗಳು ಅಂಗಳದಲ್ಲಿ ಓಡಾಡ್ತೀರಿ ಅತ್ತೆ ಎಂದೆ. ಅವರು ನಂಬಿ ಕಣ್ಣು ಮುಚ್ಚಿದರು. ನೀವು ಸುಳ್ಳು ಹೇಳದೆ ಬದುಕಲೆಂದು ನಾನು ದಿನಕ್ಕೆ ಎರಡು ಸುಳ್ಳು ಹೇಳಿಕೊಂಡು ಬಂದೆ. ನಿಮ್ಮ ಬಿಳಿ ಅಂಗಿಗಳ ಹಾಗೆ ನಿಮ್ಮ ಸತ್ಯವನ್ನೂ ಒಗೆದು ಇಸ್ತ್ರಿ ಹಾಕಿ ಕೊಟ್ಟವಳು ನಾನೇ. ದೋಷ ಹುಡುಕುವುದಿದ್ದರೆ ನನ್ನದು ಅಲ್ಲಿದೆ. ಕರುಣೆಯಲ್ಲಿ ಅಲ್ಲ.

ಇನ್ನು ನಿಮ್ಮದು. ಸತ್ಯ ನಿಮ್ಮ ದೊಡ್ಡ ಗುಣವಾಗಿತ್ತು ಎಂದೇ ಈಗಲೂ ಅಂದುಕೊಳ್ಳುತ್ತೇನೆ. ನಿಮ್ಮನ್ನು ಮದುವೆಯಾದದ್ದು ಅದಕ್ಕೇ. ಯಾವಾಗಲೋ ಅದು ಸತ್ಯವಂತನೆಂಬ ಹೆಸರಾಗಿ ಬದಲಾಯಿತು. ಹೆಸರನ್ನು ಕಾಯಲು ಕಾವಲುಗಾರ ಬೇಕು, ಕಾವಲುಗಾರನಿಗೆ ಸತ್ಯ ಗೊತ್ತಿರಬೇಕೆಂದಿಲ್ಲ. ನಿಮ್ಮ ನಾಟಕಗಳಲ್ಲಿ ಕೊನೆಯ ಅಂಕದೊಳಗೆ ನಾಯಕನಿಗೆ ತಾನು ಮಾಡಿದ್ದು ಕಾಣುತ್ತದೆ. ಕಂಡ ಮೇಲೆ ಅವನು ಬೀಳುತ್ತಾನೆ, ಅದಕ್ಕೇ ಅವನ ಮೇಲೆ ಗೌರವ. ನಿಮ್ಮ ಅಧ್ಯಾಯದಲ್ಲಿ ಆ ಅರಿವನ್ನು ನನ್ನ ತಲೆಗೆ ಕಟ್ಟಿದ್ದೀರಿ. ನನಗೆ ಅಂಥ ಅರಿವು ಆಗಿಲ್ಲ. ನೀವೂ ಬಿದ್ದಿಲ್ಲ, ಮೆಟ್ಟಿಲು ಹತ್ತಿದ್ದೀರಿ.

ಇನ್ನೊಂದು ಮಾತು. ಹದಿನೆಂಟು ಪುಟದಲ್ಲಿ ಕಂಡಕ್ಟರಮ್ಮ ‘ಪರೀಕ್ಷಾರ್ಥಿಯೊಬ್ಬರು’ ಆಗಿದ್ದಾಳೆ. ಒಂದು ಸಾಲು. ತಡವಾಗಿ ಬರುತ್ತಾಳೆ, ನನ್ನನ್ನು ಕೆಡವುತ್ತಾಳೆ, ಕಾಣೆಯಾಗುತ್ತಾಳೆ. ನಿಮ್ಮ ತರಗತಿಯಲ್ಲಿ ಒಮ್ಮೆ ಅವಳು ಎದ್ದು ನಿಂತು, ಸಾರ್, ರಾಜ ಬಿದ್ದ ಸರಿ, ಅವನನ್ನ ನಂಬಿಕೊಂಡಿದ್ದೋರು ಏನಾದ್ರು ಎಂದು ಕೇಳಿದ್ದಳು. ಅದು ಪರೀಕ್ಷೆಗೆ ಬರುವುದಿಲ್ಲಮ್ಮ ಎಂದು ಕೂರಿಸಿದಿರಂತೆ. ಮನೆಗೆ ಬಂದು ನೀವೇ ಹೇಳಿ ನಕ್ಕಿದ್ದಿರಿ, ನಾನೂ ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ಅವಳ ಬಸ್ಸು ಈಗ ನಮ್ಮ ಬೀದಿಯ ಮೇಲೆ ಹಾದುಹೋಗುತ್ತದೆ. ಸೋಮವಾರ ಹತ್ತಿದೆ. ಜನ ಕಡಿಮೆಯಿತ್ತು, ಬಂದು ಪಕ್ಕದ ಕಂಬಕ್ಕೆ ಒರಗಿ ನಿಂತಳು. ಮಂಡಿಗೆ ಪಟ್ಟಿ ಕಟ್ಟಿಕೊಂಡಿದ್ದಳು. ಸಾರ್ ಪುಸ್ತಕ ಬರೆಯುತ್ತಿದ್ದಾರಂತೆ ಎಂದು ಎಲ್ಲಿಂದಲೋ ಕೇಳಿದ್ದಳು. ಅದರಲ್ಲಿ ನಾನಿದ್ದೀನಾ ಎಂದಳು. ಇಲ್ಲ ಎಂದೆ.

“ಒಳ್ಳೇದೇ ಆಯ್ತು ಬಿಡಿ ಮೇಡಂ. ಇದ್ದಿದ್ರೆ ಅಲ್ಲೂ ಲೇಟಾಗೇ ಬರ್ತಿದ್ದೆ.”

ಹೇಳಿ ತಾನೇ ನಕ್ಕಳು. ಆಮೇಲೆ, ಕಿಟಕಿಯಾಚೆ ನೋಡುತ್ತ, ಜನವರಿಗೆ ತನ್ನ ಮೂರು ವರ್ಷ ಮುಗಿಯಿತು, ಮತ್ತೆ ಪರೀಕ್ಷೆಗೆ ಕೂರಲು ಅರ್ಜಿ ಹಾಕಿದ್ದೇನೆ, ಪ್ರಿನ್ಸಿಪಾಲರ ಸಹಿಗೆ ಎರಡು ತಿಂಗಳಿಂದ ಕಾಯುತ್ತಿದ್ದೇನೆ ಎಂದಳು. ನಡತೆ ಪರಿಶೀಲಿಸಬೇಕು ಎಂದು ಅರ್ಜಿಯ ಮೇಲೆ ಬರೆದಿದ್ದಾರಂತೆ. ಮತ್ತೆ ಬರಲ್ಲ ಎಂದಿದ್ದವಳು ಬಂದಿದ್ದಾಳೆ ನೋಡಿ. ತನ್ನ ಬಗ್ಗೆ ಅವಳು ಹೇಳಿದ ಮಾತು ಸುಳ್ಳಾಯಿತು. ಅಂಥ ಸುಳ್ಳು ನಮ್ಮಿಬ್ಬರಿಗೂ ದಕ್ಕಲಿಲ್ಲ. ಯಾರ ನಡತೆಯನ್ನು ಪರಿಶೀಲಿಸುತ್ತಿದ್ದೀರಿ? ಬಸ್ಸಿನ ಜನರನ್ನು ಸೇತುವೆಯ ಮೇಲೆ ಬಿಟ್ಟು ಓಡಿ ಬರದವಳ ನಡತೆಯನ್ನೇ?

ಹೆದರಬೇಡಿ, ನಾನು ಯಾರ ಬಳಿಯೂ ಬಾಯಿ ಬಿಡುವುದಿಲ್ಲ. ಗುಮಾಸ್ತರಿಗೆ ತಾವು ಹೇಳಿದ್ದು ಏನೆಂದೇ ಗೊತ್ತಿಲ್ಲ, ನಿಮ್ಮ ವಾಕ್ಯವನ್ನು ಮೆಚ್ಚಿದ ಸಂತೋಷದಲ್ಲಿದ್ದಾರೆ. ನೀವು ಬಂದು ಕ್ಷಮೆ ಕೇಳಬೇಕೆಂದೂ ಇಲ್ಲ. ಕೇಳಲು ಬಂದರೆ ಮತ್ತೆ ಇಪ್ಪತ್ತು ನಿಮಿಷ ಮಾತಾಡುತ್ತೀರಿ. ಆ ಅರ್ಜಿಗೆ ಸಹಿ ಹಾಕಿ. ಈ ತಿಂಗಳ ಮೂವತ್ತೊಂದು ಕೊನೆಯ ದಿನ. ಏಳನೆಯ ಅಧ್ಯಾಯವನ್ನು ತೆಗೆದುಹಾಕಿ, ಇಲ್ಲವೇ ಶುಕ್ರವಾರ, ಸೋಮವಾರ, ಮಂಗಳವಾರ ಮೂರನ್ನೂ ಸರಿಯಾಗಿ ಬರೆದು ಹಾಕಿ. ಎರಡನೆಯದನ್ನು ಮಾಡಿದರೆ ನಿಮ್ಮ ಪುಸ್ತಕ ನಿಜವಾಗಿಯೂ ದೊಡ್ಡದಾಗುತ್ತದೆ, ನೀವು ಕುರ್ಚಿ ಕಳೆದುಕೊಳ್ಳುತ್ತೀರಿ. ಮೊದಲನೆಯದನ್ನೇ ಮಾಡುತ್ತೀರಿ ಎಂದು ನನಗೆ ಗೊತ್ತು. ಯಾವುದನ್ನು ಮಾಡಿದರೂ ಅರ್ಪಣೆಯ ಪುಟ ಖಾಲಿ ಬಿಡಿ.

ಪುಟಗಳನ್ನು ಇದರೊಂದಿಗೆ ವಾಪಸ್ ಕಳಿಸಿದ್ದೇನೆ. ಆರು ಅಧ್ಯಾಯಗಳ ಅಕ್ಷರದೋಷ ತಿದ್ದಿದ್ದೇನೆ, ಒಟ್ಟು ಐವತ್ತಮೂರು. ಏಳನೆಯದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಅಷ್ಟು ಜೋಪಾನವಾಗಿ ಬರೆದಿದ್ದೀರಿ.

ಬಿಸಿಲು ಜಾಸ್ತಿ, ಮಧ್ಯಾಹ್ನ ಛತ್ರಿಯಿಲ್ಲದೆ ಹೊರಗೆ ಹೋಗಬೇಡಿ. ರಕ್ತದೊತ್ತಡದ ಮಾತ್ರೆ ಮರೆಯಬೇಡಿ.

ಇಂತಿ,
ಮೂವತ್ತು ವರ್ಷ ನಿಮ್ಮ ಪರವಾಗಿ ಬಾಗಿಲು ತೆರೆದವಳು

ಮರೆತ ಮಾತು: ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಲಕೋಟೆ ಅಂಟಿಸುವ ಮುಂಚೆ ಬರೆಯುತ್ತಿದ್ದೇನೆ. ನಿಮ್ಮ ಕಟ್ಟು ಬರುವುದಕ್ಕೆ ಹತ್ತು ದಿನ ಮೊದಲೇ ನಾನು ಯಜಮಾನ್ತಿಗೆ ಈ ತಿಂಗಳ ಕೊನೆಗೆ ಕೋಣೆ ಖಾಲಿ ಮಾಡುತ್ತೇನೆ ಎಂದು ಹೇಳಿದ್ದೆ. ಬಟ್ಟೆ, ಪಾತ್ರೆ ಎರಡು ಡಬ್ಬಕ್ಕೆ ತುಂಬಿ ಹಗ್ಗ ಬಿಗಿದಿದ್ದೆ. ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ, ನಿಮಗೆ ಹೇಳದೆ, ಮನೆಗೆ ಬರುವುದೆಂದು. ನೀವೇ ಬಾಗಿಲು ತೆಗೆಯುತ್ತೀರಿ, ಏನೂ ವಿವರಿಸದೆ ಒಳಗೆ ಬಂದು ಕಾಫಿಗೆ ನೀರಿಡುವುದೆಂದು ಕೂಡ ಯೋಚಿಸಿದ್ದೆ. ನಿನ್ನೆ ಕೆಳಗಿಳಿದು ಹೋಗಿ, ಇಲ್ಲ, ಇಲ್ಲೇ ಇರ್ತೀನಿ ಎಂದೆ. ಯಜಮಾನ್ತಿ ಕೈಯಲ್ಲಿದ್ದ ಸೂಜಿ ಕೆಳಗಿಡದೆ, ಡಬ್ಬ ಬಿಚ್ಚೋಕೆ ಯಾರನ್ನಾದ್ರೂ ಮೇಲೆ ಕಳಿಸ್ಲಾ ಎಂದು ಕೇಳಿದಳು. ಬೇಡ, ಕಟ್ಟಿದವಳೇ ಬಿಚ್ಚುತ್ತೇನೆ ಎಂದೆ. ಒಂದನ್ನು ಬಿಚ್ಚಿದ್ದೇನೆ.